ಹಳದಿ ಕೊಡೆ

ಏಪ್ರಿಲ್‌ನಲ್ಲಿ ಹೊರಡಬೇಕಿತ್ತು.
ಹೊರಟದ್ದು ಸೆಪ್ಟೆಂಬರ್ ಕೊನೆಗೆ,
ಟಿಕೆಟ್ಟಿನ ಮೇಲೆ ಎರಡು ಸಲ ತಾರೀಖು ಹೊಡೆದು ಹಾಕಿ
ಮೂರನೆಯದನ್ನು ಪೆನ್ಸಿಲ್ಲಿನಲ್ಲಿ ಬರೆದುಕೊಂಡು.
ಪೆನ್ಸಿಲ್ ಯಾಕೆಂದು ಕೋರ್ಬಿನಿಯನ್ ಕೇಳಲಿಲ್ಲ.
ಆ ವರ್ಷ ಯಾರೂ ಏನನ್ನೂ ಇಂಕಿನಲ್ಲಿ ಬರೆಯುತ್ತಿರಲಿಲ್ಲ.

ಪಸ್ಸಾವ್ ದಕ್ಕೆಯಲ್ಲಿ ಒಂದು ಬಿಳಿ ಡೇರೆ.
ಚಂದ್ರನಿಗೆ ಹೊರಟವಳ ಹಾಗೆ ಉಡುಪು ತೊಟ್ಟ ಹುಡುಗಿ
ಅವನ ಮೂಗಿಗೆ ಕಡ್ಡಿ ತೂರಿಸಿದಳು. ದಳದಳ ಕಣ್ಣೀರು.
"ಮದುವೆಯ ದಿನವೂ ನೀನು ಅತ್ತಿರಲಿಲ್ಲ," ಅಂದೆ.
"ಅವತ್ತು ಯಾರೂ ಇಷ್ಟು ಒಳಗೆ ಪರೀಕ್ಷೆ ಮಾಡಲಿಲ್ಲ," ಅಂದ.
ಇಪ್ಪತ್ತು ನಿಮಿಷ, ಕಟಕಟೆಯಲ್ಲಿ ನಿಂತವರ ಹಾಗೆ,
ಪೆಟ್ಟಿಗೆಗಳ ಮೇಲೆಯೇ ಕೂತು ಕಾದೆವು.
ಬೆಂಚುಗಳಿಗೆ ಕೆಂಪು ಪಟ್ಟಿ ಸುತ್ತಿತ್ತು.

ಮೂರು ಹೊಳೆ ಕೂಡುವ ಊರು ಇದು.
ಇಲ್ತ್ಸ್ ಕಪ್ಪು, ಇನ್ ಹಸಿರು,
ಡಾನ್ಯೂಬ್ ತನ್ನದೇ ಮಾಸಲು ಬಣ್ಣ.
ಕೂಡಿದ ಮೇಲೂ ಒಂದಷ್ಟು ದೂರ
ಬೆರೆಯದೆ, ಪಕ್ಕಪಕ್ಕದಲ್ಲೇ ಹರಿಯುತ್ತವೆ.
"ಹೊಳೆಗಳಿಗೂ ಒಂದೂವರೆ ಮೀಟರಿನ ಕಾನೂನು," ಎಂದು ನಕ್ಕ
ಮೂವತ್ತೊಂದು ವರ್ಷ ಬಸ್ಸು ಓಡಿಸಿದವನು.

ನೂರ ಎಂಬತ್ತು ಜನರ ಹಡಗಿಗೆ ನಾವು ಅರವತ್ತೆರಡು.
ಊಟದ ಮೇಜುಗಳ ನಡುವೆ ಗಾಜಿನ ಗೋಡೆ.
ಅಕಾರ್ಡಿಯನ್ ನುಡಿಸುವವನು ಇದ್ದಾನೆ, ಹಾಡುವವಳಿಲ್ಲ;
ಹಾಡೆಂದರೆ ಉಸಿರಲ್ಲವೆ.
ಸೂಪು ತಂದ ಹುಡುಗನ ಮುಖದಲ್ಲಿ ಬರೀ ಎರಡು ಕಣ್ಣು,
ಅವನ್ನೇ ಇಷ್ಟಗಲ ಮಾಡಿ ಸ್ವಾಗತ ಹೇಳಿದ.
ಬುಡಾಪೆಸ್ಟ್ ಬಾಗಿಲು ಹಾಕಿಕೊಂಡಿದೆ, ಎಂದರು ಕ್ಯಾಪ್ಟನ್,
ವಿಯೆನ್ನಾ ತನಕ ಹೋಗೋಣ, ಬಿಟ್ಟರೆ ಇಳಿಯೋಣ,
ಬಿಡದಿದ್ದರೆ ನೋಡೋಣ.
ಚಪ್ಪಾಳೆ ತಟ್ಟಿದೆವು. ಯಾತಕ್ಕೋ.

ಹಗ್ಗ ಬಿಚ್ಚಿದರು.
ದಡವೇ ಹೊರಟಂತೆ, ನಾವೇ ನಿಂತಂತೆ.
"ಇದಕ್ಕೆ ಬ್ರೇಕಿಲ್ಲ," ಎಂದು ಪಿಸುಗುಟ್ಟಿದ
ಬಲಗಾಲನ್ನು ನೆಲಕ್ಕೆ ಒತ್ತಿಕೊಂಡು.
ಅವನ ಮೂಗಿಗೆ ವಾಸನೆ ಇನ್ನೂ ಮರಳಿಲ್ಲ,
ಎಲ್ಲ ನಾನೇ ಹೇಳಬೇಕು: ಡೀಸೆಲ್ಲು, ಹಸಿ ಹಗ್ಗ,
ಯಾರದೋ ಕಾಫಿ, ತಣ್ಣಗಿನ ಕಲ್ಲು.
"ಕಲ್ಲಿಗೆಂಥ ವಾಸನೆ?" ಎಂದು ಕೇಳಿದ. ಯೋಚಿಸಿದೆ.
ಮೇಲಿನ ಡೆಕ್ಕಿನಲ್ಲಿ ಬಿಸಿಲು. ಆದರೂ ತಂದಿದ್ದೆ
ಆ ಹಳದಿ ಕೊಡೆ.

ವಸಂತದಲ್ಲಿ ಇಪ್ಪತ್ತಮೂರು ದಿನ
ಆಸ್ಪತ್ರೆಯ ಕಾರುಗಳ ನಡುವೆ, ಸಂಜೆ ಐದಕ್ಕೆ,
ಇದನ್ನೇ ಬಿಚ್ಚಿ ನಿಲ್ಲುತ್ತಿದ್ದೆ.
ಮೂರನೇ ಮಹಡಿ, ಎಡದಿಂದ ನಾಲ್ಕನೇ ಕಿಟಕಿ:
ಒಂದು ಕೈ ಏಳುತ್ತಿತ್ತು, ನಿಧಾನ,
ನೀರೊಳಗಿಂದ ಎದ್ದ ಹಾಗೆ.
ನಾನೂ ಕೈಯೆತ್ತಿ, ಮನೆಗೆ ಹೋಗಿ,
ಎರಡು ತಟ್ಟೆ ಇಟ್ಟು ಒಂದರಲ್ಲಿ ಉಣ್ಣುತ್ತಿದ್ದೆ.

"ರೋಸ್ವಿತಾ," ಅಂದ, ಕೋಟೆ ಹಿಂದೆ ಸರಿಯುವಾಗ,
"ಒಂದು ಮಾತು ಹೇಳದೆ ಉಳಿದಿದೆ.
ನನ್ನ ಹಾಸಿಗೆ ಆ ಕಡೆ ಇರಲಿಲ್ಲ.
ನನಗೆ ಕಾಣುತ್ತಿದ್ದದ್ದು ಲಾಂಡ್ರಿಯ ಚಿಮಣಿ.
ನರ್ಸ್ ಬಂದು ಹೇಳುತ್ತಿದ್ದಳು, ಹಳದಿ ಕೊಡೆ ಬಂತು, ಅಂತ.
ಅಷ್ಟು ಸಾಕಾಗುತ್ತಿತ್ತು."

ಹಾಗಾದರೆ ಆ ಕೈ?

ಕಾಲಡಿಗೆ ಎಂಜಿನ್ನಿನ ಗುಡುಗುಡು.
ಬಲಗಡೆಯಿಂದ ಇನ್ ನದಿಯ ಹಸಿರು ಬಂದು
ಹಡಗಿನ ಹೊಟ್ಟೆ ಸವರಿತು.
ಹದಿನೇಳನೆಯ ಸಂಜೆ ಆ ಕಿಟಕಿಗೆ ಪರದೆ ಎಳೆದಿತ್ತು.
ನಿದ್ದೆ ಹತ್ತಿರಬೇಕು, ಒಳ್ಳೆಯದೇ, ಅಂದುಕೊಂಡೆ.
ಉಳಿದ ಆರು ದಿನವೂ
ಪರದೆಗೇ ಕೈ ಬೀಸಿ ಬಂದಿದ್ದೆ, ಸಮಾಧಾನವಾಗಿ.

ರೈಲು ಸೇತುವೆಯ ಹತ್ತಿರ, ದಡದಲ್ಲಿ,
ಗಾಳ ಹಾಕಿ ಕೂತ ಯಾರೋ ಒಬ್ಬ ಕೈ ಬೀಸಿದ.
ನಮಗೋ, ನಮ್ಮ ಹಿಂದೆ ನಿಂತವರಿಗೋ,
ಬರೀ ಹಡಗಿಗೋ,
ಅಥವಾ ನೊಣ ಓಡಿಸಿದನೋ.
ಕೋರ್ಬಿನಿಯನ್ ನನ್ನ ಮುಖ ನೋಡಿದ.
ಒಂದು ಚೂರೂ ಮೋಡವಿರಲಿಲ್ಲ.
ನಾನು ಕೊಡೆ ಬಿಚ್ಚಿದೆ.